ಲಾಯರ್ ಸ್ಟಾಪ್

ಸಿಟಿ ಬಸ್ ಕಂಡಕ್ಟರ್ ಮಹದೇವುಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಇತಿಹಾಸದ ಹುಚ್ಚು ಹಿಡಿಯಿತು. ೧೯೯೮ರಲ್ಲಿ ಪಾಳಿಯನ್ನು ಸಂಜೆಗೆ ಹಾಕಿಸಿಕೊಂಡು ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿಯೇಬಿಟ್ಟ. "ಇದನ್ನ ಓದ್ಬುಟ್ಟು ಏನ್ಮಾಡ್ತೀರಿ? ಟಿಕೆಟ್ ಜೊತೆಗೆ ಇಸವೀನೂ ಹರಿದುಕೊಡ್ತೀರಾ?" ಎಂದು ಹೆಂಡತಿ ಕಮಲ ಛೇಡಿಸಿದಳು.

ಪ್ರಬಂಧಕ್ಕೆ ಅವನು ಆರಿಸಿಕೊಂಡ ವಿಷಯವಾದರೂ ಎಂಥದ್ದು! ಬಸ್ ಸ್ಟಾಪುಗಳ ಹೆಸರು. ಗುರುವಾರ ಮೇಷ್ಟ್ರು ದೊರೆಸ್ವಾಮಿ ಖಡಾಖಂಡಿತವಾಗಿ ಹೇಳಿದರು: "ಬರೀ ಬಾಯಿಮಾತು ಸಾಲದು ಕಣಯ್ಯ. ಸೋಮವಾರದೊಳಗೆ ಒಂದೇ ಒಂದು ದಾಖಲೆ ತಾ. ಇಲ್ಲಾಂದ್ರೆ ವಿಷಯ ಬದಲಾಯಿಸು."

ಆ ಸಂಜೆ ಅಶೋಕಪುರಂ ಬಸ್ಸಿಗೆ ಹೂ ಮಾರುವ ಬೆಟ್ಟಮ್ಮ ಹತ್ತಿದರು. "ಲಾಯಕ್ಕೊಂದು ಕೊಡಪ್ಪ."

"ಲಾಯರ್ ಸ್ಟಾಪ್ ಅನ್ನಬೇಕಜ್ಜಿ. ಬೋರ್ಡಲ್ಲೇ ಬರೆದಿದೆ." ಹನ್ನೊಂದು ವರ್ಷದಿಂದ ಅವನು ಹಾಗೇ ಕೂಗುತ್ತಿದ್ದ.

ಅಜ್ಜಿಗೆ ರೇಗಿತು. "ಯಾವ ಲಾಯರಪ್ಪ ಅಲ್ಲಿದ್ದೋನು? ಕುದ್ರೆ ಲಾಯ ಇದ್ದುದ್ದು ಕಣಪ್ಪ. ನಮ್ಮಪ್ಪ ಜವರಪ್ಪ ಅಲ್ಲೇ ಕುದ್ರೆಗೆ ಉಲ್ಲು ಆಕ್ತಿದ್ದ. ಏಳಿದ್ರೆ ನನ್ ಮೊಮ್ಮಕ್ಳೇ ನಂಬಾಕಿಲ್ಲ, ನಗ್ತವೆ."

ಮಹದೇವುವಿನ ಮೈ ಜುಮ್ಮೆಂದಿತು. ಬೋರ್ಡು ಬರೆದ ಪುಣ್ಯಾತ್ಮ ಯಾರೋ ಒಂದು 'ರ್' ಅಂಟಿಸಿ, ಕುದುರೆಗಳನ್ನೆಲ್ಲ ಓಡಿಸಿ, ವಕೀಲನನ್ನು ತಂದು ಕೂರಿಸಿದ್ದ! ತಾನೂ ಗಂಟಲು ಹರಿಯುವಂತೆ ಅದನ್ನೇ ಊರಿಗೆಲ್ಲ ಸಾರಿದ್ದ.

ಎರಡು ದಿನ ರಜೆ ಹಾಕಿ ಹಳೆಯ ದಾಖಲೆಗಳ ಕಚೇರಿಯ ಧೂಳು ಕುಡಿದ. ಶನಿವಾರ ಬಾಗಿಲು ಹಾಕುವ ಹೊತ್ತಿಗೆ ೧೯೩೪ರ ಆಳುಗಳ ಪಟ್ಟಿಯೊಂದು ಕೈಗೆ ಸಿಕ್ಕಿತು. ಆ ಸ್ಟಾಪಿರುವ ಬೀದಿಯ ಹೆಸರಿನ ಕೆಳಗೇ ಬರೆದಿತ್ತು: 'ಕುದುರೆ ಲಾಯ. ಹುಲ್ಲಾಳು ಜವರಪ್ಪ.' ಅವನು ಕುರ್ಚಿಯಿಂದ ಎದ್ದೇ ನಿಂತ. ಕುಣಿಯಬೇಕೆನಿಸಿತು, ಗುಮಾಸ್ತರು ದುರುಗುಟ್ಟಿದ್ದಕ್ಕೆ ಕೂತುಕೊಂಡ.

ಸೋಮವಾರ ನಕಲು ನೋಡಿದ ಮೇಷ್ಟ್ರು, "ಸರಿ, ಬರಿ" ಎಂದರು. ಪ್ರಬಂಧದ ವಿಷಯ ಉಳಿಯಿತು. ಆದರೂ ಅವನ ಜೀವವೆಲ್ಲ ಸಂಜೆಯ ಬಸ್ಸಿನಲ್ಲೇ ಇತ್ತು.

ಬೆಟ್ಟಮ್ಮ ಹತ್ತಿದ ಕೂಡಲೇ ಹಾಳೆ ಬಿಚ್ಚಿ ಓದಿದ. ಅಜ್ಜಿ ಹೂಬುಟ್ಟಿ ಕೆಳಗಿಟ್ಟು ಹಾಳೆ ಇಸಿದುಕೊಂಡರು. ಅಕ್ಷರ ಬಾರದು. "ನಮ್ಮಪ್ಪ ಎಲ್ಲವ್ನೆ?" ಅವನು ತೋರಿಸಿದ ಕಡೆ ಬೆರಳಿಟ್ಟರು; ತೆಗೆಯಲೇ ಇಲ್ಲ.

"ಇನ್ನೊಂದ್ಸಲ ಓದಪ್ಪ. ಜೋರಾಗಿ ಓದು, ಎಲ್ರಿಗೂ ಕೇಳ್ಲಿ."

ಅವನು ಇಡೀ ಬಸ್ಸಿಗೆ ಕೇಳುವಂತೆ ಓದಿದ. ಆ ಖುಷಿಯಲ್ಲಿ ಸೀಟಿ ಊದುವುದೇ ಮರೆತುಹೋಯಿತು. ಲಾಯದ ಸ್ಟಾಪು ಹಿಂದೆ ಉಳಿಯಿತು. ಅಜ್ಜಿಯೂ ಇಳಿಯುತ್ತೇನೆ ಅನ್ನಲಿಲ್ಲ.