ಖಾಲಿ ಮನೆಗಳಿಗೂ ದಾರಿ ಬಿಡುವ ವಿಲ್ಮಾ

ಸೂರ್ಯ ಇನ್ನೂ ಮರಳುಗುಡ್ಡಗಳ ಆಚೆಗಿದ್ದಾನೆ. ವಿಲ್ಮಾ ಹೋರ್ನಿಚೆಕ್ ರಸ್ತೆ ಕೆರೆದು ಸಮ ಮಾಡುವ ಯಂತ್ರವಾದ ಗ್ರೇಡರಿನ ಉದ್ದನೆಯ ಅಲಗನ್ನು ರಸ್ತೆಗಿಳಿಸುತ್ತಾರೆ. ಜಲ್ಲಿ ಕರಕರ ಎನ್ನುತ್ತ ಅಂಚಿಗೆ ಸರಿದು ಬದುವಾಗುತ್ತದೆ. ಗೇಟು ಬಂದಲ್ಲಿ ಹಿಂದಕ್ಕೆ ಬಂದು ಆ ಬದುವನ್ನು ಎಳೆದು ಹಾಕುತ್ತಾರೆ; ಇಲ್ಲದಿದ್ದರೆ ಮನೆಯವರ ಗಾಡಿ ಹೊರಬರಲಾರದು. ಈ ಗೇಟಿನೊಳಗೆ ಗಾಡಿಯಿಲ್ಲ. ಹದಿನಾಲ್ಕು ವರ್ಷಗಳಿಂದ ಜನವೂ ಇಲ್ಲ.

ನೆಬ್ರಾಸ್ಕಾದ ಟೆಲ್ವಿಕ್ ಕೌಂಟಿಯ ಉತ್ತರ ಭಾಗದ ಮಣ್ಣುರಸ್ತೆಗಳನ್ನು ಐವತ್ತೊಂಬತ್ತರ ವಿಲ್ಮಾ ಇಪ್ಪತ್ತಾರು ವರ್ಷಗಳಿಂದ ಸಮ ಮಾಡುತ್ತಿದ್ದಾರೆ. ದಿನಕ್ಕೆ ಮೂವತ್ತು ಮೈಲಿ. ತೊರೆಯ ದಡದಲ್ಲಿ ಚೆಕ್ ಜನ, ದಿಬ್ಬದ ಮೇಲೆ ಜರ್ಮನರು, ಅದರಾಚೆ ಸ್ವೀಡನ್ ಮೂಲದವರು. ಒಂದೊಂದು ಗುಂಪಿಗೂ ಒಂದೊಂದು ಚರ್ಚು, ಒಂದೊಂದು ಸ್ಮಶಾನ. ಗಂಡ ತೀರಿಕೊಂಡ ವಾರ ಹಿಮ ಸೊಂಟದೆತ್ತರ ಬಿದ್ದಿತ್ತು. ಸ್ಮಶಾನದ ದಾರಿಯನ್ನು ವಿಲ್ಮಾ ಅವರೇ ತೆರೆದರು.

ಎದುರಾದವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ಇಲ್ಲಿ ಅದೇ ನಮಸ್ಕಾರ. ‘ಮೊದ್ಲು ಎತ್ತಿ ಎತ್ತಿ ಬೆರಳು ನೋಯ್ತಿತ್ತು. ಈಗ ಅದನ್ನ ಜೇಬಲ್ಲಿಟ್ಕೊಂಡ್ರೂ ನಡೆಯುತ್ತೆ,’ ಎನ್ನುತ್ತಾರೆ.

ಅವರೀಗ ಇರುವ ಒಂಬತ್ತು ಮೈಲಿಯ ಲೀಪಾ ರಸ್ತೆಯಲ್ಲಿ ಏಳು ಗೇಟುಗಳಿವೆ. ಏಳನೆಯದರಲ್ಲಿ ಮಾತ್ರ ಹೊಗೆಯಾಡುತ್ತದೆ. ಅಲ್ಲಿರುವವರು ದನ ಸಾಕುವ ಓರ್ವಿನ್ ಸ್ಟ್ರಾಕ್. ದಿನಕ್ಕೆ ಐದು ಗಾಡಿಯೂ ಓಡದ ರಸ್ತೆಯ ಕೆಲಸ ನಿಲ್ಲಿಸುವುದೆಂದು ಕೌಂಟಿ ಮಂಡಳಿ ತೀರ್ಮಾನಿಸಿತ್ತು. ಆಗಸ್ಟಿನಲ್ಲಿ ರಸ್ತೆಗೆ ಅಡ್ಡಲಾಗಿ ಗಾಡಿಗಳನ್ನು ಎಣಿಸುವ ರಬ್ಬರ್ ಕೊಳವೆ ಹಾಸಿದರು. ಲೆಕ್ಕ ಸರಿಯಾಗಿ ಐದು ಬಂತು. ಅದರಲ್ಲಿ ಎರಡು ತಮ್ಮ ಗ್ರೇಡರ್ ಹೋಗಿ ಬಂದದ್ದು ಎಂದು ವಿಲ್ಮಾ ತಾವಾಗಿಯೇ ಸಭೆಯಲ್ಲಿ ಹೇಳಿದರು. ಬರುವ ನವೆಂಬರಿನಿಂದ ಲೀಪಾ ರಸ್ತೆಗೆ ಗ್ರೇಡರ್ ಬರುವುದಿಲ್ಲ.

ಏಳನೇ ಗೇಟಿನಲ್ಲಿ ಓರ್ವಿನ್ ಕಾಫಿ ಹಿಡಿದು ನಿಂತಿದ್ದಾರೆ.

‘ಅಲ್ಲ ಕಣೇ ವಿಲ್ಮಾ, ಸುಮ್ನೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

‘ಅವರು ಕೇಳಿದ್ದು ಇಲ್ಲಿ ಓಡಾಡೋರು ಎಷ್ಟು ಅಂತ. ನಾನು ರಸ್ತೆ ಕೆರೆಯೋಳು.’

‘ಉಳಿದಿದ್ದು ಮೂರು. ಅದ್ರಲ್ಲಿ ಎರಡು ನಾನೇ. ಇನ್ನೊಂದು ಯಾರೇ?’

‘ಅಂಚೆಯೋಳು. ವಾಪಸ್ಸು ಹೋಗೋವಾಗ ಗುಡ್ಡದ ದಾರಿ ಹಿಡೀತಾಳೆ.’

ಓರ್ವಿನ್ ನಗಲು ಹೋಗಿ ಕೆಮ್ಮುತ್ತಾರೆ. ‘ಹೋಗ್ಲಿ ಬಿಡು. ಟ್ರ್ಯಾಕ್ಟರಲ್ಲಿ ನಾನೇ ಕೆರ್ಕೋತೀನಿ. ನಿನ್ನಷ್ಟು ನೆಟ್ಟಗೆ ಬರಲ್ಲ, ಅಷ್ಟೆ.’

ಎಂಜಿನ್ ಗುರುಗುಟ್ಟುತ್ತಿರುತ್ತದೆ. ಕಾಫಿ ಮುಗಿಯುತ್ತದೆ.

ದೆವ್ವಗಳಿಗೆ ದಾರಿ ಮಾಡುವವಳು ಎಂದು ಶೆಡ್ಡಿನಲ್ಲಿ ಜೊತೆಯವರು ಆಡಿಕೊಳ್ಳುವುದು ವಿಲ್ಮಾ ಅವರಿಗೆ ಗೊತ್ತು. ಆರು ಖಾಲಿ ಗೇಟುಗಳ ಮುಂದೆ ದಿನಕ್ಕೆ ಅರ್ಧ ಗಂಟೆ ಹೋಗುತ್ತದೆ ಎಂಬುದೂ ಗೊತ್ತು. ಏಕೆ ಎಂದು ಕೇಳಿದರೆ ಕೈಗವಸು ತೆಗೆದು, ಮತ್ತೆ ಹಾಕಿಕೊಳ್ಳುತ್ತಾರೆ.

‘ಈ ರಸ್ತೆಗೆ ಬರೋ ಕೊನೇ ದಿನ ಹಿಮ ಬೀಳದಿದ್ರೆ ಸಾಕು,’ ಎನ್ನುತ್ತಾರೆ. ‘ಏಳೂ ಗೇಟನ್ನ ಒಂದ್ಸಲ ಚೆನ್ನಾಗಿ ಬಿಡಿಸಿ ಹೋಗ್ತೀನಿ. ಇವತ್ತಲ್ಲ ನಾಳೆ ಯಾರಾದ್ರೂ ಬಂದ್ರೆ, ಇಲ್ಲಿ ಜನ ಇರಲಿಲ್ಲ ಅಂತ ಬೇಕಾದ್ರೆ ಅಂದ್ಕೊಳ್ಳಲಿ. ಆದ್ರೆ ರಸ್ತೆ ಕೆರೆಯೋಳು ಬಾಗಿಲಿಗೆ ಮಣ್ಣು ಒಡ್ಡಿ ಹೋದ್ಲು ಅನ್ನೋದು ಬೇಡ.’