ನಮ್ಮ ಸಕ್ಕರೆ ಮನೆತನ

ಸಕ್ಕರೆ ಕಾಯಿಲೆ ಬಂದ ಮೇಲೆ ನನಗೆ ಎಲ್ಲರ ಮನೆಯಲ್ಲೂ ಮರ್ಯಾದೆ ಹೆಚ್ಚಿದೆ. ಕಾಫಿ ಲೋಟ ಕೊಡುವಾಗ ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, "ಸಕ್ಕರೆ ಆಕಿಲ್ಲಪ್ಪ" ಅನ್ನುತ್ತಾರೆ. ನಾನೂ ಗಂಭೀರವಾಗಿ ತಲೆಯಾಡಿಸಿ ಕುಡಿಯುತ್ತೇನೆ. ಆಮೇಲೆ ಬಂಗಾರಪೇಟೆಯಲ್ಲಿ ಬಸ್ಸಿಳಿದು ಒಂದು ಪ್ಲೇಟ್ ಪಾನಿಪೂರಿ ತಿಂದು, ಅತ್ತಿತ್ತ ನೋಡಿ, ಇನ್ನೊಂದು ಪ್ಲೇಟ್ ಹೇಳುತ್ತೇನೆ.

ನನಗೆ ಬಂದ ಎರಡು ವರ್ಷಕ್ಕೆ ಅಕ್ಕ ರತ್ನಮ್ಮನಿಗೂ ಬಂತು. ಅವಳು ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಮಗಳು ಮಂಜುಳಾ ಮತ್ತು ಅಳಿಯನ ಜೊತೆ ಇದ್ದುಕೊಂಡು ಎರಡು ಹಸು ನೋಡಿಕೊಳ್ಳುತ್ತಿದ್ದಳು. ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. "ಅಪ್ಪನ ಆಸ್ತೀಲಿ ಕೊನೆಗೂ ನಂಗೊಂದು ಪಾಲು ಸಿಕ್ತು ಕಣ್ಲಾ" ಎಂದು ನಕ್ಕಿದ್ದಳು.

ಕಳೆದ ವರ್ಷ ನಾನು ಅಲ್ಲಿದ್ದ ದಿನವೇ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದಳು. ಈ ಕಾಯಿಲೆಯವರ ಬದುಕು ಎಷ್ಟು ನೆಮ್ಮದಿಯಾಗಿದೆ ಎಂದು ಕೇಳಿ ಬರೆದುಕೊಳ್ಳಬೇಕಂತೆ. ನಿದ್ದೆ ಬರುತ್ತಾ? ಕಾಲು ಉರಿಯುತ್ತಾ? ಮದುವೆ ಮನೆಗೆ ಹೋಗೋಕೆ ಬೇಜಾರಾ? ಎಲ್ಲದಕ್ಕೂ ಅಕ್ಕನದು ಒಂದೇ ಉತ್ತರ: "ಚೆನ್ನಾಗಿದೀನಮ್ಮ." ಕಣ್ಣು? "ಅದೂ ಚೆನ್ನಾಗೈತೆ."

ಕೊನೆಗೆ ಹುಡುಗಿ ಒಂದು ಹಾಳೆ ಹಿಡಿದಳು. ಅದರಲ್ಲಿ ಏಣಿಯ ಚಿತ್ರ. "ತುದಿ ಮೆಟ್ಟಿಲು ಅಂದ್ರೆ ತುಂಬಾ ಸುಖ. ನೀವು ಎಲ್ಲಿದ್ದೀರಾ, ಬೆರಳಿಡಿ ಅಮ್ಮ."

ಅಕ್ಕ ಬೆರಳಿಟ್ಟಳು. ಏಣಿಯ ಮೇಲಲ್ಲ, ಪಕ್ಕದ ಖಾಲಿ ಜಾಗದಲ್ಲಿ.

ಹುಡುಗಿ ನನ್ನ ಮುಖ ನೋಡಿದಳು. "ಅಕ್ಕ, ಏಣಿ ಕಾಣ್ತಾ ಐತಾ?" ಎಂದೆ. ಅಕ್ಕ ಬೆರಳು ಹಿಂದಕ್ಕೆಳೆದುಕೊಂಡಳು. "ಬಲಗಣ್ಣು ಓಗಿ ಆರ್ ತಿಂಗ್ಳಾಯ್ತು. ಎಡಗಣ್ಣು ಮಬ್ಬು. ಮಂಜುಳಂಗೆ ಗೊತ್ತಾಗ್ಬಾರ್ದು ಕಣ್ಲಾ, ಅಸು ಮಾರ್ಬಿಡ್ತಾಳೆ. ಅಸು ಇಲ್ದೆ ಬೆಳಗ್ಗೆ ಎದ್ದು ನಾನೇನ್ ಮಾಡ್ಲಿ?"

ಆ ಆರು ತಿಂಗಳಲ್ಲಿ ನಾನು ನಾಲ್ಕು ಸಲ ಬಂದಿದ್ದೆ. ಪ್ರತಿ ಸಲವೂ ಶುಗರ್ ಎಷ್ಟಿದೆ ಎಂದು ಕೇಳಿದ್ದೆ, ಕಾಫಿ ಕುಡಿದು ಹೋಗಿದ್ದೆ. ಕಣ್ಣೆದುರೇ ಅವಳು ಗೋಡೆ ಹಿಡಿದು ನಡೆದದ್ದನ್ನು ಮಂಡಿನೋವು ಅಂದುಕೊಂಡಿದ್ದೆ.

ಅಂದು ಸಂಜೆಯೇ ಮಂಜುಳಾಗೆ ಹೇಳಿಬಿಟ್ಟೆ. ಅಕ್ಕ ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಳು. ಕೋಲಾರದಲ್ಲಿ ಲೇಸರ್ ಚಿಕಿತ್ಸೆ ಕೊಟ್ಟರು. ಬಲಗಣ್ಣು ಬರಲಿಲ್ಲ, ಎಡಗಣ್ಣಿನಲ್ಲಿ ಇದ್ದಷ್ಟು ಉಳಿಯಿತು. ಒಂದು ಹಸು ಮಾರಿದರು. ಇನ್ನೊಂದನ್ನು ಮಾರಲು ಮಂಜುಳಾಗೇ ಮನಸ್ಸು ಬರಲಿಲ್ಲ.

ಮೊನ್ನೆ ಹೋದಾಗ ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಹೆಜ್ಜೆ ಸದ್ದಿಗೇ ಗುರುತು ಹಿಡಿದು, "ಬಾ ಕಣ್ಲಾ, ಎಂಗಿದ್ಯಾ?" ಎಂದಳು.

"ಚೆನ್ನಾಗಿದೀನಕ್ಕ."

ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೆನ್ನೆ, ಕೊರಳು, ಹೆಗಲು ಸವರಿದಳು. "ಇಳ್ದೋಗಿದೀಯಲ್ಲಾ. ನಿನ್ ಕಣ್ಣು ತೋರ್ಸಿದ್ಯಾ?"

ತೋರಿಸಿರಲಿಲ್ಲ.

ಮರುದಿನ ಅವಳೇ ನನ್ನನ್ನು ಕೋಲಾರಕ್ಕೆ ಹೊರಡಿಸಿದಳು. ಬಸ್ ಹತ್ತುವಾಗ ಅವಳು ನನ್ನ ತೋಳು ಹಿಡಿದಿದ್ದಳು. ಕಂಡಕ್ಟರ್ ಇಬ್ಬರನ್ನೂ ನೋಡಿ, "ಆಸ್ಪತ್ರೆಗಾ? ಯಾರಿಗೆ ಉಷಾರಿಲ್ಲ?" ಎಂದ.

"ಇವ್ನಿಗೇ," ಎಂದಳು ಅಕ್ಕ. "ನೋಡ್ಕೊಳ್ಳೋಕೆ ನಾನು ಜೊತೇಲಿ ಬಂದಿದೀನಿ."