ಕೊನೆಯ ಕಂತಿನ ಮೇಲೊಂದು ಅನುಮಾನ

ನನಗೊಂದು ಕೆಟ್ಟ ಚಟವಿದೆ. ಹೇಳಿಕೊಳ್ಳಲು ನಾಚಿಕೆ, ಮುಚ್ಚಿಡೋಣವೆಂದರೆ ಮನೆಯವರು ಬಿಡುವುದಿಲ್ಲ. ಯಾವ ಕಾದಂಬರಿ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆಗೆಯುತ್ತೇನೆ. ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ, ಯಾರು ಯಾರನ್ನು ಕ್ಷಮಿಸಿದ್ದಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೊದಲ ಪುಟ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಲು ಕೊಟ್ಟು ಸುಮ್ಮನಾಗುವ ಕನ್ನಡ ಮಾಸ್ತರರಿದ್ದಾರೆ. ನಾನು ಅದನ್ನು ಪಾಲಿಸುವ ಮಾಸ್ತರ. ಬಸ್ಸಿನ ಹಣೆಯ ಮೇಲೆ ಕಾಖಂಡಕಿ ಎಂದು ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರನನ್ನು ಕೇಳುತ್ತೇನೆ. ಅವನು ಹೌದೆಂದ ಮೇಲೆ ಕಿಟಕಿಯ ಪಕ್ಕ ಕುಳಿತವರನ್ನೂ ಒಂದು ಮಾತು ಕೇಳುತ್ತೇನೆ. ಒಮ್ಮೆ ಹೀಗೆ ವಿಚಾರಣೆ ನಡೆಸುತ್ತಿದ್ದಾಗಲೇ ಬಸ್ಸು ನನ್ನನ್ನು ಬಿಟ್ಟು ಹೊರಟುಹೋಯಿತು. ಅದು ನಿಜವಾಗಿಯೂ ಕಾಖಂಡಕಿಯ ಬಸ್ಸೇ ಆಗಿತ್ತು.

ತಪ್ಪು ಪೂರ್ತಿ ನನ್ನದಲ್ಲ, ರಕ್ತದ್ದು. ವಿಜಯಪುರದಲ್ಲಿ ತಲೆಮಾರುಗಳಿಂದ ಹಣ್ಣಿನ ವ್ಯಾಪಾರ ಮಾಡಿಕೊಂಡು ಬಂದ ಮನೆತನ ನಮ್ಮದು. ತಿಕೋಟಾ, ಬಿಜ್ಜರಗಿ ಕಡೆಯ ದ್ರಾಕ್ಷಿ ತೋಟಗಳಿಗೆ ಹೋಗಿ ಹಣ್ಣು ಆರಿಸುವುದು ನನ್ನ ತಂದೆಯ ಕೆಲಸವಾಗಿತ್ತು. ತೋಟದವರು ಪ್ರೀತಿಯಿಂದ ಗೊನೆಯ ಮೇಲ್ಭಾಗದ ಹಣ್ಣು ಕಿತ್ತು ಕೊಡುತ್ತಿದ್ದರು. ತಂದೆ ಅದನ್ನು ನಗುತ್ತ ಇಸಿದುಕೊಂಡು ನನ್ನ ಬಾಯಿಗೆ ಹಾಕಿ, ತಾವು ಮಾತ್ರ ಬಗ್ಗಿ ಗೊನೆಯ ತುದಿಯಲ್ಲಿದ್ದ ಕೊನೆಯ ಹಣ್ಣನ್ನು ಕಿತ್ತು ತಿನ್ನುತ್ತಿದ್ದರು. ದ್ರಾಕ್ಷಿ ಮೇಲಿನಿಂದ ಹಣ್ಣಾಗುತ್ತ ಬರುತ್ತದೆ, ತುದಿಗೆ ಸಿಹಿ ಇಳಿಯುವುದು ಎಲ್ಲಕ್ಕಿಂತ ತಡವಾಗಿ. ತುದಿ ಸಿಹಿಯಿದ್ದರೆ ಗೊನೆಯೆಲ್ಲ ಸಿಹಿ. ತುದಿ ಹುಳಿಯಿದ್ದರೆ ಚಹಾ ಕುಡಿದು ಸಲಾಂ ಹೇಳಿ ಬರುವುದು. ನಾನು ವ್ಯಾಪಾರ ಬಿಟ್ಟು ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ನಾಲಿಗೆ ಮಾತ್ರ ತುದಿಯ ಹಣ್ಣನ್ನೇ ಹುಡುಕುತ್ತ ಉಳಿಯಿತು.

ಇಂಥವನ ಮನೆಗೆ ಜಪಾನಿನ ಅನಿಮೆ ಬಂದು ಸೇರಿತು. ಅನಿಮೆ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಿತ್ರ ಬರೆದು ಮಾಡಿದ ಧಾರಾವಾಹಿ, ಆದರೆ ಕಾರ್ಟೂನು ಎಂದು ಕರೆದರೆ ನನ್ನ ಮಗಳು ಆಫ್ರೀನ್ ಅರ್ಧ ದಿನ ಮಾತು ಬಿಡುತ್ತಾಳೆ. ಅವಳಿಗೆ ಹದಿನೇಳು, ಕಾಲೇಜಿನ ಎರಡನೆಯ ವರ್ಷ. ನಮ್ಮ ಮನೆಮಾತು ಉರ್ದು, ಅವಳಿಗೆ ನಾನು ಅಬ್ಬಾ, ಆದರೆ ಮಾಸ್ತರನ ಮನೆಯಾದ್ದರಿಂದ ಹರಟೆ ಮತ್ತು ಜಗಳ ಎರಡೂ ಕನ್ನಡದಲ್ಲಿ ನಡೆಯುತ್ತವೆ. ಇತ್ತೀಚೆಗೆ ಹರಟೆ ನಿಂತುಹೋಗಿತ್ತು. ಕಾಲೇಜು ಹೇಗಾಯಿತು ಎಂದರೆ 'ಆತು', ಊಟ ಎಂದರೆ 'ಆತು'. ಹೀಗಿದ್ದಾಗ ಒಂದು ಸಂಜೆ ಅವಳು ಫೋನನ್ನು ನೀರಿನ ತಂಬಿಗೆಗೆ ಆನಿಸಿ ಇಟ್ಟು, ಹಿಂದಿಗೆ ಡಬ್ ಮಾಡಿದ ಅನಿಮೆಯೊಂದನ್ನು ನೋಡುತ್ತಿದ್ದಳು. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತೆ. ಅವಳು ಎದ್ದು ಹೋಗಲಿಲ್ಲ. ಅಂದಿನಿಂದ ದಿನಾ ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಬಂದ ಮೇಲೆ ಅರ್ಧ ಗಂಟೆ, ಒಂದು ಕಂತು. ಇಡೀ ದಿನದಲ್ಲಿ ಮಗಳು ನನ್ನ ಮಗ್ಗುಲಿಗೆ ಕೂಡುವ ಅರ್ಧ ಗಂಟೆ ಅದೊಂದೇ. ಅದು ಕೈಬಿಟ್ಟುಹೋದೀತು ಎಂಬ ಹೆದರಿಕೆ ನನಗೆ ಮೊದಲ ದಿನದಿಂದಲೇ ಇತ್ತು.

ಹೆದರಿಕೆ ಇದ್ದವನು ಬಾಯಿ ಮುಚ್ಚಿಕೊಂಡಿರಬೇಕು. ನಾನು ಪರೀಕ್ಷಕನಾದೆ. ಒಂದೊಂದು ಧಾರಾವಾಹಿ ಮುಗಿದಾಗಲೂ ಅದರ ಅಂತ್ಯದ ಮೇಲೆ ತೀರ್ಪು ಕೊಡುವ ಅಧಿಕಾರವನ್ನು ಯಾರೂ ಕೊಡದಿದ್ದರೂ ತೆಗೆದುಕೊಂಡೆ. ಒಂದರಲ್ಲಿ ಇಪ್ಪತ್ತು ಕಂತು ಕತ್ತಿ ಹಿರಿದು ಓಡಾಡಿದ ನಾಯಕ ಕೊನೆಗೆ ವೈರಿಯ ಕೋಟೆಯ ಬಾಗಿಲಿಗೆ ಬಂದು ನಿಂತ, ಅಲ್ಲಿಗೆ ಮುಗಿಯಿತು. ಮುಂದಿನದು ಪುಸ್ತಕದಲ್ಲಿದೆಯಂತೆ, ಪುಸ್ತಕ ಜಪಾನಿ ಭಾಷೆಯಲ್ಲಿದೆಯಂತೆ. ಊಟಕ್ಕೆ ಕರೆದು ಕೈ ತೊಳೆಸಿ ಕಳಿಸಿದ ಹಾಗಾಯಿತು. ಇನ್ನೊಂದರಲ್ಲಿ ಸತ್ತವರೆಲ್ಲ ಬೆಳ್ಳಗಿನ ಬೆಳಕಿನಲ್ಲಿ ಎದ್ದು ಬಂದು ನಕ್ಕರು. ಹಾಗಾದರೆ ನಾನು ಹತ್ತನೆಯ ಕಂತಿನಲ್ಲಿ ಅತ್ತಿದ್ದು ಯಾವ ಬಾಬತ್ತಿಗೆ? ಮತ್ತೊಂದರಲ್ಲಿ ಪ್ರೀತಿಸಿದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹೊತ್ತಿಗೆ ರೈಲು ಬಂದು ಸದ್ದು ಮಾಡಿತು, ಮಾತು ಕೇಳಿಸಲಿಲ್ಲ. ಅಂತೂ ಇಂತೂ ಕುಂತಿ ಮಕ್ಕಳಿಗೆ ರಾಜ್ಯವಿಲ್ಲ ಎಂದು ನಾನು ಪ್ರತಿ ಸಲ ಎದ್ದು ನಿಲ್ಲುತ್ತಿದ್ದೆ. ಆಫ್ರೀನ್ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅಬ್ಬಾ, ನಿನಗ ಯಾವುದರ ಛಲೋ ಅನಸ್ತೈತೇನು?" ಎಂದು ಒಮ್ಮೆ ಕೇಳಿದಳು.

"ಒಂದರ ಸರಿಯಾಗಿ ಮುಗೀಲಿ, ಅಂತೀನಿ" ಎಂದೆ.

ನನ್ನ ಪರವಾಗಿ ಶಾಸ್ತ್ರವೂ ಇದೆ, ಅದನ್ನೂ ಅವಳ ಮುಂದೆ ಬಿಚ್ಚಿದ್ದೇನೆ. ನಮ್ಮ ಹಿಂದಿನವರು ನಾಟಕಕ್ಕೆ ಐದು ಸಂಧಿ ಹೇಳಿದರು. ಬೀಜ ಬಿತ್ತಿ, ಮೊಳಕೆ ಒಡೆಸಿ, ಎಲ್ಲ ದಾರಿಗಳನ್ನೂ ಕೊನೆಗೆ ಒಂದೆಡೆ ತಂದು ಕೂಡಿಸುವುದು ನಿರ್ವಹಣ ಸಂಧಿ. ಅದಾದ ಮೇಲೂ ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದು ಭರತವಾಕ್ಯ ಹೇಳದೆ ಪಾತ್ರಗಳು ರಂಗ ಬಿಡುತ್ತಿರಲಿಲ್ಲ. ನಮ್ಮ ಕಡೆಯ ಸಣ್ಣಾಟದವರು ಕೂಡ ಮಂಗಳ ಹಾಡದೆ ಬಣ್ಣ ತೊಳೆಯುವುದಿಲ್ಲ. ಅಂತ್ಯವೆಂದರೆ ಅಷ್ಟು ಜವಾಬ್ದಾರಿಯ ಕೆಲಸ. ನಿರ್ವಹಣಕ್ಕಿಂತ ಮೊದಲು ಬರುವ ಸಂಧಿಗೆ ವಿಮರ್ಶ ಎಂದು ಹೆಸರು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಗಟ್ಟಿಯಾಗುವ ಜಾಗ ಅದು. ನನ್ನ ಐವತ್ತೊಂದು ವರ್ಷಗಳು ಆ ಸಂಧಿಯಲ್ಲೇ ಕಳೆದಿವೆ ಎಂದು ನನ್ನ ಹೆಂಡತಿ ಶಮೀಮ್ ಹೇಳುತ್ತಾಳೆ. ಅವಳಿಗೆ ಸಂಧಿಗಳ ಹೆಸರು ಹೇಳಿಕೊಟ್ಟವನು ನಾನೇ.

ಆಮೇಲೆ ಬಂದದ್ದು ದೀಪಸ್ತಂಭದ ಕಥೆ. ಸಮುದ್ರದ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ, ಅದನ್ನು ಕಾಯುವ ಒಬ್ಬ ಸಿಡುಕು ಮುದುಕ, ಒಡೆದ ದೋಣಿಯಿಂದ ಅವನ ಬಾಗಿಲಿಗೆ ಬಂದು ಬಿದ್ದ ಒಬ್ಬಳು ಹುಡುಗಿ. ಇಪ್ಪತ್ನಾಲ್ಕು ಕಂತು. ನಮ್ಮ ಕಡೆಯ ಡೋಣಿ ಹೊಳೆ ತುಂಬಿದ್ದನ್ನೇ ಸಮುದ್ರವೆಂದು ತಿಳಿದು ಬೆಳೆದ ನಮಗೆ ಅಷ್ಟು ನೀರು ನೋಡುವುದೇ ಒಂದು ಸುಖ. ಆಫ್ರೀನ್ ಇದನ್ನು ಬಹಳ ಹಚ್ಚಿಕೊಂಡಳು. ಕಂತು ಮುಗಿದ ಮೇಲೂ ಹತ್ತು ನಿಮಿಷ ಕೂತು ಮಾತಾಡತೊಡಗಿದಳು: ಆ ಹುಡುಗಿ ಹೀಗೆ ಮಾಡಬಾರದಿತ್ತು, ಆ ಮುದುಕ ಥೇಟ್ ನಿನ್ನಂಗ ಅದಾನ, ಕಾಲೇಜಿನಲ್ಲಿ ಇವತ್ತು ಹೀಗಾಯಿತು. ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು. ನನಗೆ ಖುಷಿಯಾಯಿತು, ಖುಷಿಯಾದ ಕೂಡಲೇ ಅನುಮಾನವೂ ಬಂತು. ಇಷ್ಟು ಚೆನ್ನಾಗಿ ನಡೆದಿರುವುದು ಕೊನೆಯಲ್ಲಿ ಕೈಕೊಟ್ಟೇ ಕೊಡುತ್ತದೆ, ಮಗಳ ಮನಸ್ಸು ಮುರಿಯುತ್ತದೆ. ತುದಿ ಹುಳಿಯಿದೆಯೋ ಏನೋ ನಾನು ಮೊದಲೇ ನೋಡಿಬಿಡುವುದು ವಾಸಿ.

ಹತ್ತೊಂಬತ್ತು ಕಂತು ಆಗಿದ್ದವು. ಬಬಲೇಶ್ವರದಿಂದ ಬರುವ ಬಸ್ಸಿನಲ್ಲಿ ಕೂತು, ನನ್ನ ಫೋನಿನಲ್ಲಿ ನೇರ ಇಪ್ಪತ್ನಾಲ್ಕನೆಯದನ್ನು ನೋಡಿದೆ. ಹುಡುಗಿಯನ್ನು ಒಯ್ಯಲು ಹಡಗು ಬರುತ್ತದೆ. ಅವಳು ಹತ್ತುತ್ತಾಳೆ. ಮುದುಕ ದಂಡೆಗೆ ಬಂದು ನಿಲ್ಲುವುದಿಲ್ಲ, ಕೈ ಎತ್ತುವುದಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಹಾಡಹಗಲಿನಲ್ಲಿ, ಸುಡು ಬಿಸಿಲಿನಲ್ಲಿ ಆ ದೊಡ್ಡ ದೀಪ ಹಚ್ಚುತ್ತಾನೆ. ಮುಗಿಯಿತು. ನಾನು ಬಸ್ಸಿನಲ್ಲೇ ತಲೆ ಚಚ್ಚಿಕೊಂಡೆ. ಅಂದು ಸಂಜೆ ಆಫ್ರೀನ್ ಇಪ್ಪತ್ತನೆಯದನ್ನು ಹಚ್ಚಲು ಹೋದಾಗ ತಡೆಯಲಾರದೆ ಹೇಳಿಬಿಟ್ಟೆ. "ಬ್ಯಾಡ ಬಿಡವ್ವಾ, ಇದೂ ಅದ ಹಣೆಬಾರ. ಕಡೀಕ ಆ ಮುದುಕಗ ಅರಳು ಮರಳಾಗಿ ಹಗಲೊತ್ತಿನ್ಯಾಗ ದೀಪಾ ಹಚ್ಚತಾನ. ಆಕಿ ಹೋಗ್ತಾಳ. ಕೈ ಎತ್ತಿ ಟಾಟಾ ಸುದ್ದಾ ಮಾಡೂದಿಲ್ಲ ಅಂವ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಫೋನು ತೆಗೆದುಕೊಂಡಳು, ತಂಬಿಗೆಯನ್ನು ಅದರ ಜಾಗಕ್ಕೆ ಇಟ್ಟಳು, ಒಳಗೆ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾಲೇಜು ಮತ್ತೆ 'ಆತು', ಊಟ ಮತ್ತೆ 'ಆತು'. ಮಗ್ರಿಬ್ ಆದ ಮೇಲೆ ನಾನು ಒಬ್ಬನೇ ಆ ಜಾಗದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ, ಕಿವಿ ಒಳಕೋಣೆಯ ಕಡೆಗೆ. ಅವಳು ಒಬ್ಬಳೇ ನೋಡುತ್ತಿದ್ದಾಳೆಯೇ ಎಂದು ಅನುಮಾನ. ನೋಡುತ್ತಿರಲಿಲ್ಲ. ಅದರಿಂದ ಇನ್ನೂ ಹೆಚ್ಚು ಸಂಕಟವಾಯಿತು. ನಾನು ಹಾಳು ಮಾಡಿದ್ದು ಬರೀ ಒಂದು ಕಂತನ್ನಲ್ಲ. "ಹುಡುಗಿ ಮಾರಿ ಸಣ್ಣದ ಮಾಡ್ಯಾಳ. ಏನ್ ಮಾಡೀರಿ ನೀವು?" ಎಂದು ಶಮೀಮ್ ಕೇಳಿದಾಗ, ನಾನೇನು ಮಾಡಿದೆ, ನಾನೇನೂ ಮಾಡಿಲ್ಲ ಎಂದು ಎರಡು ಸಲ ಹೇಳಿದೆ. ಎರಡನೆಯ ಸಲ ಹೇಳಿದ್ದಕ್ಕೇ ಅವಳಿಗೆ ತಿಳಿದುಹೋಯಿತು.

ಆ ಭಾನುವಾರ ಬಿಜ್ಜರಗಿಗೆ ಹೋಗಿದ್ದೆ. ನನ್ನ ತಂದೆಯ ತಮ್ಮ, ನಮ್ಮ ಚಾಚಾ, ಎಪ್ಪತ್ತು ದಾಟಿದರೂ ಇನ್ನೂ ತೋಟ ನೋಡಲು ಹೋಗುತ್ತಾರೆ, ಜೊತೆಗೆ ಕರೆದಿದ್ದರು. ಬಳ್ಳಿಯ ನೆರಳಿನಲ್ಲಿ ನಡೆಯುತ್ತ, ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತಲ್ಲ, ಅವರಿಗೆ ಎಲ್ಲ ಹೇಳಿದೆ. ಅವರು ಗೊನೆಯ ತುದಿಯ ಹಣ್ಣು ಬಾಯಿಗೆ ಹಾಕಿಕೊಂಡು ಕೇಳುತ್ತಿದ್ದರು. ಮಗಳದು ತಪ್ಪೋ ನನ್ನದು ತಪ್ಪೋ ಎಂಬ ವಿಷಯಕ್ಕೆ ಅವರು ಹೋಗಲೇ ಇಲ್ಲ.

"ಆ ಮುದುಕ ಹಗಲೊತ್ತಿನ್ಯಾಗ ಯಾಕ ದೀಪ ಹಚ್ಚಿದ?" ಎಂದರು.

"ಯಾರಿಗೊತ್ರಿ ಚಾಚಾ. ನಡುವಿಂದು ನಾ ನೋಡಿಲ್ಲ."

"ಪೇಪರ ಓದಲಾರದ ಮಾರ್ಕ್ಸ್ ಹಾಕ್ತಿಯೇನ್ ಲೇ ಮಾಸ್ತರ? ನಿನ್ನ ಕೈಯಾಗ ಕಲಿಯೂ ಹುಡುಗರನ್ನ ಆ ಅಲ್ಲಾನ ಕಾಯಬೇಕು." ಸಿಪ್ಪೆಯನ್ನು ಪಕ್ಕಕ್ಕೆ ಉಗಿದು ಮುಂದೆ ನಡೆದರು. "ಮತ್ತ ದ್ರಾಕ್ಷಿದು ಬ್ಯಾರೆ. ಒಂದ ಗಾಳಿ, ಒಂದ ಬಿಸಲು ತಿಂದ ಬೆಳದಿರ್ತೈತಿ ಗೊನಿ. ಮನಶಾರ ಹಂಗ ಇರ್ತಾರೇನು?"

ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಉತ್ತರಪತ್ರಿಕೆಯ ಕೊನೆಯ ಸಾಲು ಮಾತ್ರ ಓದಿ ಅಂಕ ಕೊಡುವ ಸಹೋದ್ಯೋಗಿಗಳನ್ನು ನಾನೇ ಎಷ್ಟೋ ಸಲ ಆಡಿಕೊಂಡಿದ್ದೇನೆ. ತಿಕೋಟಾ ದಾಟುವವರೆಗೂ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಸಂಜೆ ನಾನೇ ತಂಬಿಗೆ ತಂದು ಇಟ್ಟೆ. ಒಳಗೆ ಹೋಗಿ ಆಫ್ರೀನಳ ಮುಂದೆ ನಿಂತು, "ತಪ್ಪಾತವ್ವಾ. ಇಪ್ಪತ್ತನೇದು ಹಚ್ಚು. ಬಾಯಿ ತೆಗಿಯೂದಿಲ್ಲ ನಾ" ಎಂದೆ. ಅವಳು ಮೇಲಿನಿಂದ ಕೆಳಗಿನವರೆಗೆ ನನ್ನನ್ನು ನೋಡಿದಳು. ಅನುಮಾನ ನಮ್ಮ ಮನೆತನದ್ದೇ, ಅವಳನ್ನು ಬಿಟ್ಟು ಎಲ್ಲಿ ಹೋಗುತ್ತದೆ. ಪೇಪರು ತಿದ್ದಬಾರದು, ನಡುವೆ ಶಾಸ್ತ್ರ ಹೇಳಬಾರದು, ಮುಂದಿನದನ್ನು ಕದ್ದು ನೋಡಬಾರದು ಎಂದು ಕರಾರು ಹಾಕಿದಳು. ಎಲ್ಲಕ್ಕೂ ಒಪ್ಪಿದೆ. ಮೊದಲ ಎರಡು ದಿನ ಅವಳು ಪರದೆಗಿಂತ ಹೆಚ್ಚಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಇಪ್ಪತ್ತೆರಡನೆಯ ಕಂತಿನಲ್ಲಿ ಹುಡುಗಿ ಹಗಲಿನಲ್ಲಿ ಒಂದು ಸಲ ದೀಪ ಹಚ್ಚಿ ತೋರಿಸು ಎಂದು ಹಟ ಮಾಡುತ್ತಾಳೆ. ಮುದುಕ ಸಿಡುಕುತ್ತಾನೆ: ಬಿಸಿಲಿನಲ್ಲಿ ಎಣ್ಣೆ ಸುಡುವವನು ಮೂರ್ಖ, ನಾನು ಬದುಕಿರುವವರೆಗೆ ಅದು ಆಗುವುದಿಲ್ಲ. ಇಪ್ಪತ್ಮೂರನೆಯದರಲ್ಲಿ ಹಡಗು ಬರುವ ಸುದ್ದಿ ಬರುತ್ತದೆ. ಹುಡುಗಿ ಗಂಟು ಕಟ್ಟುತ್ತ ಕೇಳುತ್ತಾಳೆ: ನೀನು ದಂಡೆಯ ಮೇಲೆ ನಿಂತು ಕೈ ಬೀಸಿದರೆ ಹಡಗಿನಿಂದ ಕಾಣುತ್ತದೆಯೇ? ಮುದುಕ ಹೇಳುತ್ತಾನೆ: ಇಲ್ಲ. ಸ್ವಲ್ಪ ದೂರ ಹೋದರೆ ಸಾಕು, ಹಡಗಿನಿಂದ ಮನುಷ್ಯ ಕಾಣುವುದಿಲ್ಲ. ನಾನು ಫೋನಿನ ಕಡೆಗೆ ಇನ್ನಷ್ಟು ಸರಿದು ಕುಳಿತೆ. ಮರುದಿನ ಕೊನೆಯ ಕಂತಿನಲ್ಲಿ ಮುದುಕ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತತೊಡಗಿದಾಗ, ಮಗಳ ಮುಂದೆ ನಾನು ಅರಳು ಮರಳು ಎಂದು ಆಡಿಕೊಂಡಿದ್ದು ಇವನನ್ನೇ ಎಂದು ನೆನಪಾಗಿ ಮುಖ ಕೆಳಗೆ ಹಾಕಿದೆ. ಆಫ್ರೀನ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬಿಸಿಲಿನಲ್ಲಿ ದೀಪ ಹೊತ್ತಿಕೊಂಡಿತು. ಹಡಗು ದೂರವಾಯಿತು. ಹೆಸರುಗಳು ಓಡಿದವು, ಪರದೆ ಕಪ್ಪಾಯಿತು.

ಅವಳು ಓಢಣಿಯಿಂದ ಮೂಗು ಒರೆಸಿಕೊಂಡು, "ಈಗ ಹೇಳು. ಹ್ಯಾಂಗಿತ್ತು?" ಎಂದಳು.

"ಭಾಳ ಛಲೋ ಮುಗಿಸ್ಯಾರ" ಎಂದೆ. ಆಮೇಲೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆದ್ರ ನನಗ ಇದೂ ಸರಿಹೋಗ್ಲಿಲ್ಲ."

"ಮತ್ತ ಶುರು ಆತು. ಯಾಕಂತ?"

"ಮುಗದ ಮ್ಯಾಲ ನೀ ಎದ್ದ ಹೋಗ್ತೀಯಲ್ಲ, ಅದಕ್ಕ. ಯಾವುದ ಮುಗದ್ರೂ ನನಗ ಅದ ಸಂಕಟ."

ಅವಳು ನನ್ನನ್ನೇ ನೋಡಿದಳು, ಇದರಲ್ಲಿ ಏನಾದರೂ ಮಸಲತ್ತು ಇದೆಯೋ ಎಂಬಂತೆ. ನಾನು ಕಣ್ಣು ತಪ್ಪಿಸಿ ತಂಬಿಗೆಯನ್ನು ನೆಟ್ಟಗೆ ಇಡುವ ನೆಪದಲ್ಲಿ ಬಗ್ಗಿದೆ. ಅವಳು ಏಳಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಬಹಳ ಹೊತ್ತು ಏನೋ ಹುಡುಕಿ, ಒಂದು ಕಡೆ ನಿಲ್ಲಿಸಿ ನನಗೆ ತೋರಿಸಿದಳು.

"ಇದರಾಗ ಸಾವಿರದ ಮ್ಯಾಲ ಕಂತ ಅದಾವ ಅಬ್ಬಾ. ನಾ ಹುಟ್ಟೂಕಿಂತ ಮೊದಲ ಶುರು ಆಗೈತಿ, ಇನ್ನೂ ಬರಾಕತ್ತೈತಿ."

"ಕಡೀಕ ಏನಾಗ್ತೈತಂತ?"

"ಯಾರಿಗೂ ಗೊತ್ತಿಲ್ಲ."

"ಹಚ್ಚು" ಎಂದೆ.